ಗಣಿನಾಡಿನ ನಾಟಕಗೃಹ

ತಾವರಗೇರಾದಲ್ಲಿ ನಿಂತು ಉತ್ತರಕ್ಕೆ ಮೋರೆ ಮಾಡಿದರೆ ಮುದಗಲ್ಲು, ಲಿಂಗಸೂಗೂರುಗಳ ಆಚೆಗೆ ಹಟ್ಟಿಯ ಚಿನ್ನದ ಗಣಿಯಿರುವದು. ದಕ್ಷಿಣಕ್ಕೆ ತಿರುಗಿದರೆ ಗಂಗಾವತಿ, ಹೊಸಪೇಟೆಗಳನ್ನು ದಾಟಿ ಸಂಡೂರು ಬಳ್ಳಾರಿಗಳ ಕಬ್ಬಿಣದ ಗುಡ್ಡಗಳಿರುವವು. ನಡುವಿನ ಕುಷ್ಟಗಿಯ ಸೀಮೆಯಾದರೋ ಕೆಂಪು ಗ್ರಾನೈಟ್ ಕಲ್ಲಿಗೆ ಹೆಸರಾದದ್ದು. ಹೊನ್ನು, ಕಬ್ಬಿಣ, ಕಲ್ಲು ಈ ಮೂರರ ನಡುವೆ ಜೋಳದ ಹೊಲವನ್ನು ಉತ್ತು ಬಾಳುವ ಈ ಭಾಗದ ಜನಕ್ಕೆ ನಾಟಕದ ಹುಚ್ಚು ಎಂಥದೆಂಬದನ್ನು ಬಲ್ಲವರೇ ಬಲ್ಲರು. ಆ ಊರಿನ ವಾಚಕರೊಬ್ಬರು ನಮ್ಮ ಕಾರ್ಯಾಲಯಕ್ಕೆ ಬಂದಿದ್ದಾಗ ಒಂದು ಪ್ರಶ್ನೆಯನ್ನು ಕೇಳಿದರು. ‘ಪರದೇಶಗಳಲ್ಲಿ ಗಣಿಯ ಊರಿಗೊಂದು ನಾಟಕಗೃಹವನ್ನು ಕಲ್ಲಿನಲ್ಲಿ ಕಟ್ಟಿದರಂತೆ, ನಮ್ಮ ಗಣಿಯ ಊರುಗಳು ಏನನ್ನು ಕಟ್ಟಿದವು?’

ಪ್ರಶ್ನೆಯು ನ್ಯಾಯವಾದದ್ದು. ಬ್ರೆಝಿಲ್ ದೇಶದ ಚಿನ್ನದ ಊರಾದ ಔರೋ ಪ್ರೇತೋದಲ್ಲಿ ೧೭೭೦ರಲ್ಲಿ ಕಟ್ಟಿದ ನಾಟಕಗೃಹವು ಇಂದಿಗೂ ನಿಂತಿರುವದು. ಅಮೇರಿಕೆಯ ಕೊಲೊರಾಡೋ ಪ್ರಾಂತದ ಗಣಿಗಾರರು ಸೆಂಟ್ರಲ್ ಸಿಟಿ ಎಂಬ ಊರಿನಲ್ಲಿ ೧೮೭೮ರಲ್ಲಿ ದಪ್ಪ ಕಲ್ಲಿನ ಗೋಡೆಗಳ ನಾಟಕಗೃಹವನ್ನು ಕಟ್ಟಿದರು. ಮರುವರುಷವೇ ಲೆಡ್‌ವಿಲ್ ಎಂಬಲ್ಲಿ ಬೆಳ್ಳಿಯ ಗಣಿಯಿಂದ ಧನಿಕನಾದವನೊಬ್ಬನು ಇನ್ನೊಂದನ್ನು ಎಬ್ಬಿಸಿದನು. ಗಣಿಯು ಬರಿದಾದ ಮೇಲೆಯೂ ಆ ಕಟ್ಟಡಗಳು ಉಳಿದವು. ನಮ್ಮಲ್ಲಿ ನಡೆದದ್ದು ಬೇರೆ. ಅದನ್ನು ಹೇಳಿಕೊಳ್ಳಲು ನಾಚಬೇಕಾದ ಕಾರಣವಿಲ್ಲವಾದರೂ ಅದರಿಂದ ಇಂದು ಕೇಳಿಕೊಳ್ಳಬೇಕಾದ ಲೆಕ್ಕವೊಂದು ಇರುವದು.

ಮೊದಲು ಗಣಿಯ ಮಾತು. ಹಟ್ಟಿಯ ಭೂಮಿಯಲ್ಲಿ ನಮ್ಮ ಪೂರ್ವಜರು ಎರಡು ಸಾವಿರ ವರ್ಷಗಳ ಹಿಂದೆಯೇ ಆಳವಾದ ಕುಳಿಗಳನ್ನು ತೋಡಿ ಚಿನ್ನವನ್ನು ತೆಗೆದಿದ್ದರು. ಅಲ್ಲಿಗೆ ಸಮೀಪದ ಮಸ್ಕಿಯಲ್ಲಿ ೧೯೧೫ರಲ್ಲಿ ಬೀಡನ್ ಎಂಬ ಇಂಜಿನಿಯರನು ಚಿನ್ನವನ್ನು ಹುಡುಕುತ್ತ ಹೋಗಿ ಸಾಮ್ರಾಟ ಅಶೋಕನ ಶಾಸನವನ್ನು ಕಂಡನು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂದಷ್ಟೇ ಇದ್ದ ಅರಸನ ಸ್ವಂತ ಹೆಸರು ಅಶೋಕನೆಂಬದು ಆ ಬಂಡೆಯಿಂದ ಖಚಿತವಾಯಿತು. ಹೊನ್ನನ್ನು ಅರಸಿದವನಿಗೆ ಅಕ್ಷರ ದೊರೆಯಿತು! ನಿಜಾಮರ ಕಾಲದಲ್ಲಿ ನಡೆದ ಹಟ್ಟಿಯ ಗಣಿಯು ೧೯೨೦ರಲ್ಲಿ ನಿಂತುಹೋಗಿ, ೧೯೪೭ರಲ್ಲಿ ಹೊಸ ಕಂಪನಿಯು ಹುಟ್ಟಿದ ಮೇಲೆ ಪುನಃ ಜೀವ ತಳೆಯಿತು. ಸಂಡೂರಿನ ಸಂಸ್ಥಾನದಲ್ಲಿ ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ಬೆಲ್ಜಿಯಂ ದೇಶದವರು ಮ್ಯಾಂಗನೀಸ್ ಅದಿರನ್ನು ತೆಗೆಯತೊಡಗಿದ್ದರು. ಅದಿರು ಹೊಸಪೇಟೆಯ ಮಾರ್ಗವಾಗಿ ರೈಲನ್ನೇರಿ ಕಡಲಿನತ್ತ ಸಾಗಿತು. ಆ ಕಂಪನಿಗಳಾಗಲಿ ಆ ಸರಕಾರಗಳಾಗಲಿ ಈ ಭಾಗದ ಜನಕ್ಕೆಂದು ಕಲ್ಲಿನ ನಾಟಕಗೃಹವನ್ನು ಎಬ್ಬಿಸಿದ್ದನ್ನು ನಾವು ಕೇಳಿಲ್ಲ.

ಹಾಗಿದ್ದರೂ ಬಳ್ಳಾರಿಯು ದಕ್ಷಿಣದೇಶದ ನಾಟಕಕ್ಕೆ ತವರೂರಾಯಿತು. ಆಗಿಸಿದವರು ಗಣಿಯ ಒಡೆಯರಲ್ಲ, ವಕೀಲರು. ಧರ್ಮವರಂ ರಾಮಕೃಷ್ಣಮಾಚಾರ್ಯರು (೧೮೫೩–೧೯೧೨) ಸರಸವಿನೋದಿನೀ ಸಭೆಯನ್ನೂ, ಕೋಲಾಚಲಂ ಶ್ರೀನಿವಾಸರಾಯರು (೧೮೫೪–೧೯೧೯) ಸುಮನೋರಮಾ ಸಭೆಯನ್ನೂ ನಡೆಯಿಸಿದರು. ಹಗಲು ಕೋರ್ಟಿನಲ್ಲಿ ವಾದ, ರಾತ್ರಿ ರಂಗದ ಮೇಲೆ ಸಂವಾದ. ಎರಡು ಸಭೆಗಳ ನಡುವಿನ ಸ್ಪರ್ಧೆಯಿಂದ ಊರಿನ ಜನಕ್ಕೆ ಲಾಭವಾಯಿತು. ಈ ನಾಟಕಗಳು ಬಹುಮಟ್ಟಿಗೆ ತೆಲುಗಿನವು ಎಂಬದನ್ನು ಇಲ್ಲಿ ಮುಚ್ಚಿಡಲು ನಮಗೆ ಇಷ್ಟವಿಲ್ಲ. ಕನ್ನಡದ ಅಭಿಮಾನಿಗಳಾದ ನಮಗೆ ಅದು ಚುಚ್ಚುವ ಸಂಗತಿಯೇ ಆದರೂ ಸತ್ಯವು ಸತ್ಯವೇ. ಕೋಲಾಚಲದವರು ವಿಜಯನಗರದ ಪತನವನ್ನು ಕುರಿತು ‘ರಾಮರಾಜು ಚರಿತ್ರಮು’ ಎಂಬ ನಾಟಕವನ್ನು ಬರೆದದ್ದು ತೆಲುಗಿನಲ್ಲಿ. ಅದರಲ್ಲಿಯ ಕಥೆಯಾದರೋ ನಮ್ಮ ನೆಲದ್ದು. ೧೫೬೫ರ ಆ ಯುದ್ಧಕ್ಕೆ ಹೆಸರು ಕೊಟ್ಟ ರಕ್ಕಸಗಿ ತಂಗಡಗಿಗಳು ಮುದಗಲ್ಲಿನ ಆಚೆಗೆ ಕೃಷ್ಣೆಯ ದಡದಲ್ಲಿರುವವು.

ಆ ನಾಟಕದ ಪಠಾಣ ರುಸ್ತುಮನ ಪಾತ್ರದಿಂದ ಹೆಸರಾದವರೇ ಬಳ್ಳಾರಿ ರಾಘವರು (೧೮೮೦–೧೯೪೬). ಧರ್ಮವರದವರ ಸೋದರಳಿಯ, ವೃತ್ತಿಯಿಂದ ವಕೀಲ. ಕನ್ನಡ, ತೆಲುಗು, ಇಂಗ್ಲೀಷುಗಳಲ್ಲಿ ಅಭಿನಯಿಸಬಲ್ಲವರಾಗಿದ್ದ ಇವರು ಬೆಂಗಳೂರಿನ ಹವ್ಯಾಸಿ ನಟರೊಡನೆಯೂ ರಂಗವನ್ನೇರಿದರು. ೧೯೨೭ರಲ್ಲಿ ಮಹಾತ್ಮಾ ಗಾಂಧಿಯವರು ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆಯುತ್ತಿದ್ದಾಗ ‘ದೀನಬಂಧು ಕಬೀರ’ವನ್ನು ಅವರ ಮುಂದೆ ಆಡಿದರು. ಸ್ತ್ರೀಪಾತ್ರವನ್ನು ಸ್ತ್ರೀಯರೇ ವಹಿಸಬೇಕೆಂದು ಹಟ ಹಿಡಿದವರಲ್ಲಿ ಇವರು ಮೊದಲಿಗರ ಸಾಲಿನವರು. ಕನ್ನಡದ ನಟರೂ ಗಮಕಿಗಳೂ ಆದ ಜೋಳದರಾಶಿ ದೊಡ್ಡನಗೌಡರು (೧೯೧೦–೧೯೯೪) ರಾಘವರ ಪ್ರಭಾವದಲ್ಲಿ ಬೆಳೆದವರೇ. ಇಂದು ಬಳ್ಳಾರಿಯಲ್ಲಿ ರಾಘವ ಕಲಾಮಂದಿರವೂ ಇರುವದು, ದೊಡ್ಡನಗೌಡರ ಹೆಸರಿನ ರಂಗಮಂದಿರವೂ ಇರುವದು. ಕಬ್ಬಿಣದ ಊರು ತನ್ನ ನಾಟಕಗೃಹಗಳಿಗೆ ಅದಿರಿನ ಶ್ರೀಮಂತರ ಹೆಸರನ್ನಿಡದೆ ನಟರ ಹೆಸರನ್ನಿಟ್ಟಿತೆಂಬದು ನಮಗೆ ಬಹಳ ಸಮಾಧಾನದ ಸಂಗತಿ.

ಬಳ್ಳಾರಿಯ ಇನ್ನೊಂದು ರಂಗದ ಮಾತನ್ನು ಬಿಟ್ಟು ಮುಂದೆ ಹೋಗುವದು ನಮ್ಮಿಂದಾಗದು. ೧೯೫೩ನೆಯ ಅಕ್ಟೋಬರ ೧ರಂದು ಆಂಧ್ರಪ್ರಾಂತವು ಹುಟ್ಟುವಾಗ ಬಳ್ಳಾರಿಯು ಯಾರಿಗೆಂಬ ಜಗಳವು ವಿಕೋಪಕ್ಕೆ ಹೋಗಿ, ಮಿಶ್ರಾ ಅವರ ವರದಿಯ ಮೇಲೆ ಅದು ಮೈಸೂರಿಗೆ ಸೇರುವದೆಂದು ತೀರ್ಮಾನವಾಯಿತು. ಆ ದಿನದ ಉತ್ಸವಕ್ಕಾಗಿ ಕನ್ನಡಿಗರು ಒಂದು ವೇದಿಕೆಯನ್ನು ಕಟ್ಟಿದ್ದರು. ಹಿಂದಿನ ರಾತ್ರಿ ಅದನ್ನು ಕಾಯಲು ನಿಂತವರು ಪೈಲ್ವಾನ ರಂಜಾನ ಸಾಬರು. ದುಷ್ಕರ್ಮಿಗಳು ಎಸೆದ ಆಸಿಡ್ ತುಂಬಿದ ಬಲ್ಬುಗಳಿಗೆ ಅವರು ಬಲಿಯಾದರು. ಅದು ನಾಟಕದ ರಂಗವಲ್ಲ, ಒಂದು ದಿನದ ಮಟ್ಟಿಗೆ ಹಲಿಗೆ, ಬಟ್ಟೆಗಳಿಂದ ಎಬ್ಬಿಸಿದ ವೇದಿಕೆ, ಅಷ್ಟೆ. ಅದಕ್ಕಾಗಿಯೂ ಈ ಊರಿನಲ್ಲಿ ಒಬ್ಬನು ಪ್ರಾಣ ಕೊಟ್ಟನು.

ಹಲಿಗೆ, ಬಟ್ಟೆ ಎಂದೆವಷ್ಟೆ. ನಮ್ಮ ವಾಚಕರ ಪ್ರಶ್ನೆಗೆ ನಿಜವಾದ ಉತ್ತರವು ಆ ಎರಡು ಮಾತುಗಳಲ್ಲಿಯೇ ಇರುವದು. ಈ ಗಣಿನಾಡಿನ ನಾಟಕಗೃಹವು ಒಂದೂರಿನಲ್ಲಿ ಬೇರುಬಿಟ್ಟು ನಿಂತದ್ದಲ್ಲ. ಗಾಡಿಯ ಮೇಲೆ ಬಂದು ಗಾಡಿಯ ಮೇಲೆ ಹೋದದ್ದು. ಗದುಗಿನಲ್ಲಿ ಶಾಂತಕವಿಗಳು (೧೮೫೬–೧೯೨೦) ಮರಾಠಿ ನಾಟಕಗಳ ಅಬ್ಬರವನ್ನು ಕಂಡು ಮನನೊಂದು ೧೮೭೦ರ ದಶಕದಲ್ಲಿ ಕನ್ನಡದ ಮಂಡಳಿಯನ್ನು ಕಟ್ಟಿದಂದಿನಿಂದ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯಸಂಘಗಳ ವರೆಗೆ ಕಂಪನಿಗಳು ತಮ್ಮ ಮನೆಯನ್ನು ತಾವೇ ಹೊತ್ತುಕೊಂಡು ತಿರುಗಿದವು. ಆಗಿನ ಗಡಿಗಳನ್ನು ನೆನೆಯಿರಿ. ಗದಗು ಮುಂಬಯಿ ಸರಕಾರದ್ದು, ಬಳ್ಳಾರಿ ಮದ್ರಾಸಿನದು, ಸಂಡೂರು ಘೋರ್ಪಡೆಯವರ ಸಂಸ್ಥಾನ, ಕುಷ್ಟಗಿಯ ಸೀಮೆಯು ನಿಜಾಮರದು, ಕೊಪ್ಪಳ ಯಲಬುರ್ಗಿಗಳು ಅದೇ ರಾಜ್ಯದೊಳಗೆ ಸಾಲಾರಜಂಗರ ಜಹಗೀರು. ಇಷ್ಟು ಒಡೆತನಗಳ ನಡುವೆ ಹರಿದುಹಂಚಿದ್ದ ಕನ್ನಡಿಗರಿಗೆ ಒಂದೇ ಪದವನ್ನು ಒಂದೇ ರಾಗದಲ್ಲಿ ಕೇಳಿಸಿದ್ದು ಈ ತಗಡಿನ ಮನೆ.

ನಿಜಾಮರ ಸೀಮೆಯಲ್ಲಿ ಅದರ ಬೆಲೆ ಇನ್ನೂ ಹೆಚ್ಚಿನದು. ಅಲ್ಲಿ ಶಾಲೆಯ ಭಾಷೆ, ಕಚೇರಿಯ ಭಾಷೆಗಳೆರಡೂ ಉರ್ದುವಾಗಿದ್ದವು. ೧೯೨೯ರ ‘ಗಸ್ತಿ ನಿಶಾನ್ ೫೩’ ಎಂಬ ಹುಕುಮಿನಿಂದ ಅಪ್ಪಣೆಯಿಲ್ಲದೆ ಸಭೆ ಸೇರುವದೇ ಅಪರಾಧವಾಯಿತು. ಬ್ರಿಟಿಷರ ಆಡಳಿತವಿದ್ದ ಬಳ್ಳಾರಿಯಲ್ಲಿಯೂ ೧೮೭೬ರ ನಾಟಕ ಪ್ರದರ್ಶನಗಳ ಕಾಯಿದೆಯು ತಲೆಯ ಮೇಲೆ ತೂಗುತ್ತಿತ್ತು. (ಸ್ವಾತಂತ್ರ್ಯ ಬಂದು ಎಪ್ಪತ್ತು ವರುಷಗಳಾದ ಮೇಲೆ, ೨೦೧೮ರಲ್ಲಿ ಆ ಕಾಯಿದೆಯನ್ನು ರದ್ದು ಮಾಡಿದರೆಂಬದನ್ನು ಓದಿ ನಾವು ನಗಬೇಕೋ ಅಳಬೇಕೋ ತಿಳಿಯದೆ ಕುಳಿತೆವು.) ಕನ್ನಡದ ಸಭೆಗೆ ಅಪ್ಪಣೆ ಸಿಕ್ಕುವದು ಕಷ್ಟವಿದ್ದ ಕಾಲದಲ್ಲಿ ಪೌರಾಣಿಕ ನಾಟಕವೊಂದಕ್ಕೆ ನೂರಾರು ಕನ್ನಡಿಗರು ಒಂದೇ ಸೂರಿನ ಕೆಳಗೆ ಕುಳಿತು ರಾತ್ರಿಯಿಡೀ ತಮ್ಮ ನುಡಿಯನ್ನು ಕೇಳಿದರೆ ಅದು ಬರಿಯ ಮನರಂಜನೆ ಎನ್ನಬಹುದೇ?

ಆ ಸೂರನ್ನು ಹೇಗೆ ಕಟ್ಟುತ್ತಿದ್ದರೆಂಬದನ್ನು ನಾವು ಬಾಲ್ಯದಲ್ಲಿ ಕಣ್ಣಾರೆ ಕಂಡಿರುವೆವು. ಪಾಠಶಾಲೆ ಬಿಟ್ಟೊಡನೆ ಓಡುತ್ತಿದ್ದದ್ದು ಜಾತ್ರೆಯ ಬಯಲಿಗೆ. ನಾಟಕ ನೋಡಲು ಕೈಯಲ್ಲಿ ಕಾಸಿರಲಿಲ್ಲ. ಥಿಯೇಟರು ಏಳುವದನ್ನು ನೋಡಲು ಟಿಕೀಟು ಬೇಕಾಗಿರಲಿಲ್ಲ. ಮೊದಲು ಗಾಡಿಯಿಂದ ಇಳಿಯುವವು ಉದ್ದನ್ನ ಕಂಬಗಳು, ಬೊಂಬುಗಳು, ತಗಡಿನ ಹಾಳೆಗಳು, ಹಗ್ಗದ ಸಿಂಬಿಗಳು, ಕಟ್ಟಿಗೆಯ ಪೆಟ್ಟಿಗೆಗಳು. ಕಂಬಗಳ ಮೇಲೆ ನಂಬರುಗಳನ್ನು ಬರೆದಿರುತ್ತಿದ್ದರು. ಯಾವದರ ತಲೆ ಯಾವದಕ್ಕೆ ಕೂಡಬೇಕೆಂಬದು ಅದರಿಂದ ಗೊತ್ತು. ತಗಡು ಬರುವದಕ್ಕೆ ಮೊದಲು ತಟ್ಟಿಗಳನ್ನೂ ಗೋಣಿಯ ತಟ್ಟನ್ನೂ ಹೊದಿಸುತ್ತಿದ್ದರಂತೆ. ಬೆಂಕಿಯ ಭಯಕ್ಕೆ ತಗಡು ಬಂದಿತೆಂದು ಪರದೆಯ ಕೆಲಸದ ಮುದುಕನೊಬ್ಬನು ನಮಗೆ ಹೇಳಿದನು. ಹಗ್ಗದ ತುದಿಯನ್ನು ಹಿಡಿಯಲು ನಮ್ಮ ಕೈಗೆ ಕೊಟ್ಟು ಅವನು ಹೇಳುತ್ತಿದ್ದ ಮಾತುಗಳೇ ನಮಗೆ ವಾಸ್ತುಶಾಸ್ತ್ರದ ಮೊದಲ ಪಾಠ.

‘ರಂಗದ ಬೆನ್ನು ಗಾಳಿ ಬರುವ ಕಡೆಗಿರಬೇಕು, ತಮ್ಮಾ, ಗಾಳಿ ಮಾತನ್ನು ಹೊತ್ತು ಮಂದಿಯ ಕಡೆಗೆ ಒಯ್ಯುತ್ತದೆ’ ಎಂದನು. ಆ ಮಾತಿನ ಹಿಂದೆ ಎಷ್ಟು ವಿದ್ಯೆಯಿದ್ದಿತೆಂಬದು ನಮಗೆ ತಿಳಿದದ್ದು ಬಹಳ ಕಾಲದ ಮೇಲೆ. ಆಗಿನ ನಟನಿಗೆ ಧ್ವನಿವರ್ಧಕದ ಆಸರೆಯಿರಲಿಲ್ಲ. ಕಂಠವೊಂದೇ ಬಂಡವಾಳ. ತಗಡಿನ ಮಾಡು ಧ್ವನಿಯನ್ನು ಹಿಂದಿನ ಸಾಲಿನ ವರೆಗೆ ತಳ್ಳುವದು. ಪಕ್ಕದ ತಟ್ಟಿ, ಬಟ್ಟೆಗಳು ಅದು ಮಾರ್ದನಿಗೊಂಡು ಕಲಸಿಹೋಗದಂತೆ ಹೀರಿಕೊಳ್ಳುವವು. ಮಾಡಿಗೂ ಗೋಡೆಗೂ ನಡುವೆ ಬಿಟ್ಟ ಸಂದಿನಲ್ಲಿ ಬಿಸಿ ಉಸಿರು ಹೊರಗೆ ಹೋಗುವದು. ಬೇಸಿಗೆಯ ಬಿಸಿಲಿಗೆ ಕಾದ ತಗಡು ಆರಬೇಕಾದರೆ ರಾತ್ರಿ ಒಂಬತ್ತು ಗಂಟೆಯಾದರೂ ಆಗಬೇಕು. ಮೂರನೆಯ ಗಂಟೆಯನ್ನು ಅಷ್ಟು ಹೊತ್ತಿಗೆ ಬಾರಿಸುತ್ತಿದ್ದದ್ದಕ್ಕೆ ರೈತನು ಹೊಲದಿಂದ ಬಂದು ಉಣ್ಣಬೇಕೆಂಬದರ ಜೊತೆಗೆ ಇದೂ ಒಂದು ಕಾರಣ. ಮಳೆ ಬಂದರೆ ಮಾತ್ರ ಮುಗಿಯಿತು. ತಗಡಿನ ಮೇಲೆ ಮಳೆ ಹೊಡೆಯುವಾಗ ಭೀಮನ ಗರ್ಜನೆಯೂ ಕೇಳಿಸದು.

ಒಳಗಿನ ರಚನೆಯನ್ನು ಹೇಳುವೆವು. ಪ್ರೇಕ್ಷಕರ ನೆಲವನ್ನು ರಂಗದ ಕಡೆಗೆ ಇಳಿಜಾರಾಗಿ ಕೆತ್ತಿ, ತೆಗೆದ ಮಣ್ಣನ್ನು ಹಿಂದಕ್ಕೆ ಹಾಕುವರು. ಹಿಂದೆ ಕುಳಿತವನಿಗೆ ಮುಂದಿನವನ ಪೇಟ ಅಡ್ಡಬಾರದು. ಮುಂದೆ ಕುರ್ಚಿ, ಆಮೇಲೆ ಬೆಂಚು, ಅದರ ಹಿಂದೆ ನೆಲ. ಒಂದು ಮಗ್ಗುಲಿಗೆ ಹೆಣ್ಣುಮಕ್ಕಳ ಸ್ಥಳ. ರಂಗದ ಬುಡದಲ್ಲಿ ತಗ್ಗು ಮಾಡಿ ಪೇಟಿ ಮಾಸ್ತರನನ್ನೂ ತಬಲಜಿಯನ್ನೂ ಕೂಡಿಸುವರು. ನಟನ ಕಣ್ಣು ಮಾಸ್ತರನ ಮೇಲೆ, ಮಾಸ್ತರನ ಕಣ್ಣು ನಟನ ತುಟಿಯ ಮೇಲೆ. ಹಲಿಗೆಯ ರಂಗವು ಎದೆಯೆತ್ತರ. ಅದರ ಮೇಲೆ ಒಂದರ ಹಿಂದೊಂದು ಪರದೆಗಳು: ಬೀದಿ, ಅಡವಿ, ಬಡವನ ಮನೆ, ಉದ್ಯಾನ, ಎಲ್ಲಕ್ಕೂ ಹಿಂದೆ ದರ್ಬಾರು. ಪ್ರತಿಯೊಂದನ್ನೂ ಬೊಂಬಿಗೆ ಸುತ್ತಿ ರಾಟೆಯ ಮೇಲೆ ಹಗ್ಗದಿಂದ ಏರಿಸಿ ಇಳಿಸುವರು. ಇದರಲ್ಲಿಯೇ ಒಂದು ಹೂಟವಿರುವದು. ಬೀದಿಯ ಪರದೆಯ ಮುಂದೆ ಎರಡು ಮಾರು ಸ್ಥಳದಲ್ಲಿ ಹಾಸ್ಯಗಾರನು ಜನವನ್ನು ನಗಿಸುತ್ತಿರುವಾಗಲೇ ಅದರ ಹಿಂದೆ ಸದ್ದಿಲ್ಲದೆ ಸಿಂಹಾಸನವೂ ಕಂಬಗಳೂ ಜೋಡಣೆಯಾಗುವವು. ಸೀಟಿ ಊದಿದೊಡನೆ ಬೀದಿಯು ಮೇಲಕ್ಕೇರಿ ದರ್ಬಾರು ಬೆಳಗುವದು. ನಾಟಕಕಾರನು ಹಾಸ್ಯದ ಪ್ರವೇಶವನ್ನು ಅಲ್ಲಿ ತುರುಕಿದನೆಂದು ಪಂಡಿತರು ಬೈಯುವರು. ಆದರೆ ಅದನ್ನು ಬರೆಯಿಸಿದವನು ಕಟ್ಟಡದ ಬಡಗಿ!

ಇನ್ನೊಂದು ಸೂಕ್ಷ್ಮ. ಪರದೆಯ ಮೇಲೆ ಅರಮನೆಯ ಕಂಬಸಾಲನ್ನು ದೂರ ಹೋದಂತೆಲ್ಲ ಕಿರಿದಾಗಿ ಬರೆದಿರುವರು. ನಟನು ಪರದೆಗೆ ತಾಗಿ ನಿಂತರೆ ಕಂಬಕ್ಕಿಂತ ಎತ್ತರವಾಗಿ ಕಂಡು ನಗೆಪಾಟಲಾಗುವನು. ಅದಕ್ಕೆಂದೇ ಮುಖ್ಯ ಪಾತ್ರಗಳು ಯಾವಾಗಲೂ ದೀಪದ ಕಡೆಗೆ ಮುಂದೆ ಬಂದು ನಿಲ್ಲುವದು ರೂಢಿಯಾಯಿತು. ನಮ್ಮ ಕಂಪನಿ ನಟರ ಆ ಗಂಭೀರ ನಿಲುವು, ಪ್ರೇಕ್ಷಕರನ್ನೇ ನೇರ ನೋಡಿ ಆಡುವ ಮಾತು, ಇವುಗಳಿಗೆ ಪರದೆಯ ಚಿತ್ರಕಾರನೂ ಹೊಣೆಗಾರನು. ಮೈಸೂರು ಸೀಮೆಯ ಗುಬ್ಬಿ ವೀರಣ್ಣನವರು (೧೮೯೧–೧೯೭೨) ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳನ್ನು ತಂದರೆಂದರೆ ಆ ಭಾರವನ್ನು ತಾಳುವ, ಅವು ಹೊಕ್ಕು ಹೊರಡುವಷ್ಟು ಅಗಲವಿರುವ ರಂಗವನ್ನು ಮೊದಲು ಯಾರೋ ಲೆಕ್ಕ ಹಾಕಿ ಕಟ್ಟಿರಬೇಕಷ್ಟೆ. ಆ ಲೆಕ್ಕ ಹಾಕಿದವರ ಹೆಸರು ಯಾವ ಜಾಹೀರಾತಿನಲ್ಲಿಯೂ ಬರಲಿಲ್ಲ.

ಜಾಹೀರಾತೆಂದೊಡನೆ ನಮ್ಮ ಮುದ್ರಣಾಲಯದ ನೆನಪಾಗುವದು. ಕಂಪನಿಗಳ ಕರಪತ್ರಗಳನ್ನು ನಾವೂ ಅಚ್ಚು ಹಾಕಿರುವೆವು. ಒಂದು ಕಂಪನಿಯು ಕರಪತ್ರದ ಹಣವನ್ನು ಕೊಡದೆ ರಾತ್ರೋರಾತ್ರಿ ಥಿಯೇಟರು ಬಿಚ್ಚಿಕೊಂಡು ಹೋದದ್ದೂ ಉಂಟು. ಬೆಳಿಗ್ಗೆ ಬಯಲಿಗೆ ಹೋಗಿ ನೋಡಿದರೆ ಸಾಲಾಗಿ ಕಂಬದ ಕುಳಿಗಳು ಮಾತ್ರ ಉಳಿದಿದ್ದವು. ಸಿಟ್ಟು ಬಂದಿತು. ಆದರೂ ಇಷ್ಟು ದೊಡ್ಡ ಮನೆಯನ್ನು ಒಂದು ಇರುಳಿನಲ್ಲಿ ಮಡಿಚಿ ಗಾಡಿಗೆ ಹೇರಿದ ಆ ಚಾತುರ್ಯಕ್ಕೆ ಮನಸ್ಸಿನಲ್ಲಿಯೇ ಕೈಮುಗಿದೆವು.

ಇನ್ನು ಲೆಕ್ಕದ ಮಾತಿಗೆ ಬರುವೆವು. ಹೊಸ ಶತಮಾನದ ಮೊದಲ ದಶಕದಲ್ಲಿ ಪರದೇಶದಲ್ಲಿ ಅದಿರಿನ ಬೆಲೆ ಏರಿ, ಬಳ್ಳಾರಿ ಸಂಡೂರುಗಳ ಗುಡ್ಡಗಳನ್ನು ಲಾರಿಗಳಲ್ಲಿ ಹೊತ್ತು ಸಾಗಿಸಿದ ಕಥೆಯನ್ನು ವಾಚಕರು ಬಲ್ಲರು. ೨೦೧೧ರ ಜುಲೈಯಲ್ಲಿ ಲೋಕಾಯುಕ್ತರ ವರದಿ ಬಂದಿತು; ಅದೇ ತಿಂಗಳಲ್ಲಿ ಸುಪ್ರೀಮ್ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ೨೦೧೩ರ ಏಪ್ರಿಲ್ ೧೮ರ ತೀರ್ಪಿನಿಂದ ಗಣಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ, ಗಣಿಯಿಂದ ಕೆಟ್ಟ ನಾಡನ್ನು ನೆಟ್ಟಗೆ ಮಾಡಲು ಪ್ರತ್ಯೇಕ ನಿಧಿಯನ್ನು ಕಾದಿರಿಸಲಾಯಿತು. ೨೦೧೫ರ ಕಾನೂನು ತಿದ್ದುಪಡಿಯಿಂದ ಗಣಿಯಿರುವ ಜಿಲ್ಲೆಗಳಲ್ಲಿ ಖನಿಜ ಪ್ರತಿಷ್ಠಾನಗಳೂ ಏರ್ಪಟ್ಟವು. ಎಂದರೆ, ಅದಿರಿನ ಹಣದಲ್ಲಿ ಜನದ ಪಾಲೆಂಬದು ಮೊಟ್ಟಮೊದಲ ಬಾರಿಗೆ ಕಾನೂನಿನಿಂದ ನಿಶ್ಚಿತವಾಗಿರುವದು.

ಆ ಹಣವನ್ನು ಕುಡಿಯುವ ನೀರಿಗೆ, ದವಾಖಾನೆಗೆ, ಶಾಲೆಗೆ ಮೊದಲು ವೆಚ್ಚ ಮಾಡಬೇಕೆಂಬ ನಿಯಮವನ್ನು ನಾವು ವಿರೋಧಿಸೆವು. ಧೂಳು ಕುಡಿದ ಮಗುವಿಗೆ ಔಷಧ ಮೊದಲು, ನಾಟಕ ಆಮೇಲೆ. ಆದರೆ ‘ಆಮೇಲೆ’ ಎಂದರೆ ‘ಎಂದಿಗೂ ಇಲ್ಲ’ ಎಂದಾಗಬಾರದು. ಇನ್ನೊಂದು ಸಂಕಟವು ಇದಕ್ಕೂ ಕೆಟ್ಟದ್ದು. ಸರಕಾರದ ಹಣದಿಂದ ಊರಿಗೊಂದು ಭವನವನ್ನು ಕಟ್ಟಿದಲ್ಲೆಲ್ಲ ನಾವು ಹೆಚ್ಚಾಗಿ ಕಂಡಿರುವದೇನು? ನಾಲ್ಕು ಗೋಡೆ, ಮೇಲೆ ಕಾಂಕ್ರೀಟು, ಒಂದು ತುದಿಗೆ ಕಟ್ಟೆ. ಕಟ್ಟೆಯ ಪಕ್ಕದಲ್ಲಿ ಪಾತ್ರಧಾರಿ ನಿಲ್ಲಲು ಸ್ಥಳವಿಲ್ಲ, ಪರದೆ ಏರಲು ಮೇಲೆ ಎತ್ತರವಿಲ್ಲ, ಬಣ್ಣದ ಮನೆಗೆ ಹಿಂದಿನಿಂದ ಬಾಗಿಲಿಲ್ಲ. ಮಾತನಾಡಿದರೆ ಗೋಡೆಯಿಂದ ಗೋಡೆಗೆ ಬಡಿದು ಒಂದು ಮಾತು ನಾಲ್ಕಾಗುವದು. ಅದು ಮದುವೆಗೆ ಆದೀತು, ಭಾಷಣಕ್ಕೂ ಆದೀತು; ಸುಭದ್ರಮ್ಮ ಮನ್ಸೂರರಂಥ (೧೯೩೯–೨೦೨೦) ನಟಿಯ ಕಂಠಕ್ಕೆ ಅಂಥ ಕೋಣೆಯು ಸೆರೆಮನೆ. ತಗಡಿನ ಥಿಯೇಟರಿನ ಮುದುಕನು ಬಲ್ಲದ್ದನ್ನು ಕಾಂಕ್ರೀಟಿನ ಗುತ್ತಿಗೆದಾರನು ಅರಿಯನು, ಅವನಿಗೆ ಯಾರೂ ಹೇಳಿಯೂ ಇಲ್ಲ.

ಆದುದರಿಂದ ನಮ್ಮ ಸೂಚನೆಯಿಷ್ಟು. ಹಟ್ಟಿ, ಸಂಡೂರು, ಬಳ್ಳಾರಿಗಳಲ್ಲಾಗಲಿ, ಕಲ್ಲಿನ ಕ್ವಾರಿಗಳ ಸೀಮೆಯಾದ ಕುಷ್ಟಗಿ ತಾವರಗೇರಾಗಳಲ್ಲಾಗಲಿ ರಂಗಮಂದಿರವನ್ನು ಕಟ್ಟುವ ಇಲ್ಲವೆ ದುರಸ್ತಿ ಮಾಡುವ ಪ್ರಸಂಗ ಬಂದಾಗ ನಕ್ಷೆಯನ್ನು ಮೊದಲು ನಾಟಕದವರ ಮುಂದೆ ಇಡಬೇಕು. ರಂಗದ ಎರಡೂ ಮಗ್ಗುಲಿಗೆ ರಂಗದ ಅರ್ಧದಷ್ಟಾದರೂ ಸ್ಥಳ ಬೇಕು; ಪರದೆ ಪೂರ್ತಿ ಮರೆಯಾಗುವಷ್ಟು ಎತ್ತರ ಬೇಕು; ನೆಲ ಇಳಿಜಾರಾಗಿರಬೇಕು; ಗಾಳಿಗೆ ದಾರಿಯಿರಬೇಕು; ಹಿಂದಿನ ಕೆಲವು ಸಾಲುಗಳಲ್ಲಿ ಕುರ್ಚಿ ಹಾಕದೆ ನೆಲವನ್ನೇ ಬಿಟ್ಟು ಅದಕ್ಕೆ ಬಡವನು ಕೊಡಬಲ್ಲ ದರವನ್ನಿಡಬೇಕು. ಗೋಡೆಯು ಈ ನೆಲದ ಕೆಂಪು ಕಲ್ಲಿನದಾದರೆ ನಮಗೆ ಸಂತೋಷ. ಪರದೇಶದ ಮಹಲುಗಳ ನೆಲಗಟ್ಟಿಗೆ ಹೋಗುವ ಕಲ್ಲು ತನ್ನೂರಿನಲ್ಲಿ ನಾಲ್ಕು ಗೋಡೆಗೆ ಸಿಕ್ಕದಷ್ಟು ದುಬಾರಿಯಾಗಲಾರದು.

ಇವೆಲ್ಲವುಗಳ ಅಳತೆ ಇನ್ನೂ ಕೆಲವರ ಕೈಯಲ್ಲಿರುವದು. ಬದಾಮಿಯ ಬನಶಂಕರಿ ಜಾತ್ರೆಗೆ ಕಂಪನಿಗಳು ಬಂದು ಸಾಲಾಗಿ ಥಿಯೇಟರು ಹಾಕುವದು ಈ ಕಾಲದಲ್ಲಿಯೂ ನಿಂತಿಲ್ಲ. ಕಂಬ ಹೂಳುವ ಕುಳಿಯ ಆಳ, ರಾಟೆಯ ಎತ್ತರ, ಇಳಿಜಾರಿನ ಪ್ರಮಾಣ ಇವು ಅಲ್ಲಿಯ ಕೆಲಸಗಾರರಿಗೆ ಬಾಯಿಪಾಠ. ತಾವರಗೇರಾ, ಕುಷ್ಟಗಿ, ಯಲಬುರ್ಗಿ, ಗಂಗಾವತಿಗಳ ನಮ್ಮ ವಾಚಕರಲ್ಲಿ ಯಾರಾದರೂ ಹಿಂದೆ ಥಿಯೇಟರು ಎಬ್ಬಿಸಿದವರು, ಪರದೆ ಬರೆದವರು, ಹಗ್ಗ ಎಳೆದವರು ಇದ್ದರೆ ತಮಗೆ ನೆನಪಿರುವ ಅಳತೆಗಳನ್ನು ಒಂದು ಕಾಗದದ ಮೇಲೆ ಗೆರೆ ಎಳೆದು ನಮ್ಮ ಕಾರ್ಯಾಲಯಕ್ಕೆ ಕಳುಹಿಸಬೇಕೆಂದು ಬಿನ್ನವಿಸುವೆವು. ಬರೆಯಲು ಬಾರದವರು ಬಂದು ಬಾಯಿಂದ ಹೇಳಬಹುದು. ಬರೆದುಕೊಳ್ಳುವ ಕೆಲಸ ನಮ್ಮದು. ಬಂದ ನಕ್ಷೆಗಳನ್ನು ಇದೇ ಪುಟದಲ್ಲಿ ಅಚ್ಚು ಮಾಡುವೆವು.